ಬೆಳಕಿಗೆ ಅರೆ ನಿಮಿಷ, ಕತ್ತಲೆಗೆ ಅರ್ಧ ಗಂಟೆ: ಕಣ್ಣಿನ ಈ ಲೆಕ್ಕವೇಕೆ ಹೀಗೆ?

ರಾತ್ರಿ ಎಂಟರ ಸುಮಾರಿಗೆ ಇದ್ದಕ್ಕಿದ್ದಂತೆ ಕರೆಂಟು ಹೋಗುತ್ತದೆ. ಆ ಕ್ಷಣ ಎದುರಿಗಿರುವ ಕುರ್ಚಿಯೂ ಕಾಣದು. ಗೋಡೆ ಸವರುತ್ತ, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತ ಮೇಣದಬತ್ತಿ ಹುಡುಕಿದ ಅನುಭವ ಎಲ್ಲರಿಗೂ ಇದ್ದೀತು. ಮೇಣದಬತ್ತಿ ಸಿಗದೆ ಸುಮ್ಮನೆ ಕುಳಿತರೆ ಐದಾರು ನಿಮಿಷದಲ್ಲಿ ಕಿಟಕಿಯ ಸರಳುಗಳು ಮೂಡುತ್ತವೆ. ಇನ್ನಷ್ಟು ಹೊತ್ತಿಗೆ ಮೇಜಿನ ಅಂಚು, ಗೋಡೆಯ ಮೇಲಿನ ಕ್ಯಾಲೆಂಡರು. ಅರ್ಧ ಗಂಟೆಯಾಗುವಷ್ಟರಲ್ಲಿ ಮನೆಯೊಳಗೆ ಎಡವದೆ ಓಡಾಡಬಹುದು. ಅಷ್ಟರಲ್ಲಿ ಕರೆಂಟು ಬರುತ್ತದೆ. ಕಣ್ಣು ಚುಚ್ಚಿದಂತಾಗಿ ರೆಪ್ಪೆ ಮುಚ್ಚುತ್ತೇವೆ. ಆದರೆ ಅರೆ ನಿಮಿಷ ಕಳೆಯುವ ಮೊದಲೇ ಎಲ್ಲವೂ ಎಂದಿನಂತೆ ಕಾಣತೊಡಗುತ್ತದೆ.

ಮೊಬೈಲ್ ಫೋನಿನಲ್ಲೇ ಟಾರ್ಚು ಬಂದ ಮೇಲೆ ಕತ್ತಲೆಯಲ್ಲಿ ಅರ್ಧ ಗಂಟೆ ಕೂರುವ ಭಾಗ್ಯ ನಗರವಾಸಿಗಳಿಗೆ ಅಪರೂಪವಾಗಿದೆ. ಆದರೂ ಪ್ರಶ್ನೆ ಉಳಿದೇ ಇದೆ. ಬೆಳಕಿಗೆ ಅರೆ ನಿಮಿಷದಲ್ಲಿ ಹೊಂದಿಕೊಳ್ಳುವ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಮಾತ್ರ ಅಷ್ಟೊಂದು ಸಮಯ ಬೇಡುವುದೇಕೆ? ಉತ್ತರವಿರುವುದು ಕಣ್ಣಿನ ಹಿಂಬದಿಯ ಅಕ್ಷಿಪಟಲದ ಕೋಶಗಳಲ್ಲಿ, ಅವುಗಳೊಳಗೆ ನಡೆಯುವ ರಾಸಾಯನಿಕ ಕ್ರಿಯೆಯಲ್ಲಿ. ರಾತ್ರಿ ಹೆದ್ದಾರಿಯಲ್ಲಿ ವಾಹನ ಚಲಾಯಿಸುವವರಿಗೂ, ಮಗುವಿನ ಬಾಯಿಗೆ ‘ಎ’ ಜೀವಸತ್ವದ ದ್ರವ ಹಾಕಿಸಲು ಅಂಗನವಾಡಿಗೆ ಬರುವ ತಾಯಿಗೂ ಈ ಉತ್ತರದೊಂದಿಗೆ ನೇರ ಸಂಬಂಧವಿದೆ.

ಪಾಪೆಯ ಪಾಲು ಅಲ್ಪ

ಕತ್ತಲೆಯಲ್ಲಿ ಪಾಪೆ ಹಿಗ್ಗುತ್ತದೆ, ಬೆಳಕಿನಲ್ಲಿ ಕುಗ್ಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ನಿಜ. ಆದರೆ ಅಷ್ಟಕ್ಕೇ ಕಣ್ಣಿನ ಹೊಂದಾಣಿಕೆ ಮುಗಿಯಿತೆಂದು ತಿಳಿದರೆ ತಪ್ಪಾಗುತ್ತದೆ. ಪಾಪೆಯ ವ್ಯಾಸ ಹೆಚ್ಚೆಂದರೆ 2 ಮಿಲಿಮೀಟರಿನಿಂದ 8 ಮಿಲಿಮೀಟರಿನವರೆಗೆ ಬದಲಾದೀತು. ಅಂದರೆ ಒಳಬರುವ ಬೆಳಕು 16 ಪಟ್ಟು ಹೆಚ್ಚೀತು, ಅಷ್ಟೆ. ಕಣ್ಣು ಎದುರಿಸಬೇಕಾದ ವ್ಯತ್ಯಾಸವಾದರೋ ಬೇರೆಯೇ ಪ್ರಮಾಣದ್ದು. ನಡುಹಗಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಚೆನ್ನಾಗಿ ದೀಪ ಹಾಕಿದ ಕಚೇರಿ ಸುಮಾರು 500. ಹುಣ್ಣಿಮೆಯ ಬೆಳದಿಂಗಳು 0.2ರ ಆಸುಪಾಸು, ಅಮಾವಾಸ್ಯೆಯ ನಕ್ಷತ್ರಗಳ ಬೆಳಕು 0.001ರಷ್ಟು. ಮೊದಲನೆಯದಕ್ಕೂ ಕೊನೆಯದಕ್ಕೂ 10 ಕೋಟಿ ಪಟ್ಟು ಅಂತರ! ಹದಿನಾರು ಪಟ್ಟನ್ನು ಪಾಪೆ ನೋಡಿಕೊಂಡರೆ ಮಿಕ್ಕಿದ್ದೆಲ್ಲವೂ ಅಕ್ಷಿಪಟಲದ ಹೊಣೆ.

ಈ ಹೊಣೆಯನ್ನು ಅದು ಎರಡು ಬಗೆಯ ಕೋಶಗಳಿಗೆ ಹಂಚಿಕೊಟ್ಟಿದೆ. ಉದ್ದನೆಯ ಕೋಲಿನಂತಿರುವ ದಂಡಕೋಶಗಳು ಮಬ್ಬು ಬೆಳಕಿಗೆ. ಮೊನಚು ತುದಿಯ ಶಂಕುಕೋಶಗಳು ಹಗಲಿಗೆ, ಬಣ್ಣಕ್ಕೆ, ಸೂಕ್ಷ್ಮ ನೋಟಕ್ಕೆ. ಒಂದೊಂದು ಕಣ್ಣಿನಲ್ಲಿ ಸುಮಾರು 9 ಕೋಟಿ ದಂಡಕೋಶಗಳೂ 45 ಲಕ್ಷದಷ್ಟು ಶಂಕುಕೋಶಗಳೂ ಇವೆ. ಹಳೆಯ ಪಠ್ಯಪುಸ್ತಕಗಳಲ್ಲಿ 12 ಕೋಟಿ ದಂಡಕೋಶ ಎಂದಿರುತ್ತದೆ. 1990ರಲ್ಲಿ ಪ್ರಕಟವಾದ ಎಣಿಕೆ ಆ ಸಂಖ್ಯೆಯನ್ನು ತಗ್ಗಿಸಿತು. ನಾವು ನೆಟ್ಟ ನೋಟದಿಂದ ನೋಡುವ ವಸ್ತುವಿನ ಬಿಂಬ ಬೀಳುವ ಅಕ್ಷಿಪಟಲದ ನಟ್ಟನಡುವಿನ ಪುಟ್ಟ ಕುಳಿಯಲ್ಲಿ ಶಂಕುಕೋಶಗಳು ಮಾತ್ರ ಇದ್ದು, ದಂಡಕೋಶಗಳು ಒಂದೂ ಇಲ್ಲ. ಕೃತ್ತಿಕಾ ನಕ್ಷತ್ರಪುಂಜವನ್ನು ನೇರವಾಗಿ ದಿಟ್ಟಿಸಿದಾಗ ಮಾಯವಾಗುವ ಮಂಕು ತಾರೆಗಳು ನೋಟವನ್ನು ತುಸು ಪಕ್ಕಕ್ಕೆ ಸರಿಸಿದೊಡನೆ ಕಾಣಿಸಿಕೊಳ್ಳುವುದು ಈ ಕಾರಣದಿಂದ.

ಬೆಳಕು ಬಿದ್ದರೆ ಮೌನ

ಇನ್ನು ಈ ಕೋಶಗಳ ವಿಚಿತ್ರ ಸ್ವಭಾವಕ್ಕೆ ಬರೋಣ. ಚರ್ಮಕ್ಕೆ ಬಿಸಿ ತಗುಲಿದಾಗ, ಕಿವಿಗೆ ಸದ್ದು ಬಿದ್ದಾಗ ಅಲ್ಲಲ್ಲಿನ ಸಂವೇದನಾ ಕೋಶಗಳು ಎಚ್ಚೆತ್ತು ಸಂಕೇತ ಕಳಿಸುತ್ತವೆ. ಬೆಳಕು ಬಿದ್ದಾಗ ಕಣ್ಣಿನ ಕೋಶವೂ ಹಾಗೆಯೇ ಎಚ್ಚೆತ್ತುಕೊಳ್ಳಬೇಕೆಂದು ಯಾರಾದರೂ ಊಹಿಸಿಯಾರು. ನಡೆಯುವುದು ತದ್ವಿರುದ್ಧ. ದಂಡಕೋಶ ಚಟುವಟಿಕೆಯಿಂದಿರುವುದು ಕತ್ತಲೆಯಲ್ಲಿ. ಆಗ ಅದರ ಹೊರಪೊರೆಯ ಬಾಗಿಲುಗಳು ತೆರೆದಿರುತ್ತವೆ. ಸೋಡಿಯಂ ಮತ್ತು ಕ್ಯಾಲ್ಸಿಯಂ ಅಯಾನುಗಳು ಒಳಗೆ ಹರಿಯುತ್ತಲೇ ಇರುತ್ತವೆ. ಕೋಶದ ಇನ್ನೊಂದು ತುದಿಯಿಂದ ಗ್ಲುಟಮೇಟ್ ಎಂಬ ರಾಸಾಯನಿಕ ನಿರಂತರವಾಗಿ ಮುಂದಿನ ನರಕೋಶಕ್ಕೆ ಸುರಿಯುತ್ತಿರುತ್ತದೆ. ಬೆಳಕು ಬಿದ್ದೊಡನೆ ಬಾಗಿಲುಗಳು ಮುಚ್ಚುತ್ತವೆ, ಗ್ಲುಟಮೇಟ್ ಕಡಿಮೆಯಾಗುತ್ತದೆ. ಆ ಇಳಿಕೆಯನ್ನೇ ಮಿದುಳು ಬೆಳಕೆಂದು ಓದಿಕೊಳ್ಳುತ್ತದೆ. ವಿದ್ಯುತ್ತಿನ ಲೆಕ್ಕದಲ್ಲಿ ಹೇಳುವುದಾದರೆ ಕತ್ತಲೆಯಲ್ಲಿ ಕೋಶದೊಳಗೆ ಋಣ 40 ಮಿಲಿವೋಲ್ಟ್ ಇದ್ದರೆ, ಪ್ರಖರ ಬೆಳಕಿನಲ್ಲಿ ಅದು ಋಣ 70ರವರೆಗೆ ಇಳಿಯುತ್ತದೆ.

ಬಾಗಿಲು ಮುಚ್ಚುವ ಕೆಲಸ ಆರಂಭವಾಗುವುದು ರೊಡಾಪ್ಸಿನ್ ಎಂಬ ವರ್ಣದ್ರವ್ಯದಿಂದ. ದಂಡಕೋಶದ ಹೊರತುದಿಯಲ್ಲಿ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಸುಮಾರು ಸಾವಿರ ತೆಳುಬಿಲ್ಲೆಗಳಿವೆ. ಅವುಗಳಲ್ಲಿ ಒಟ್ಟು 10 ಕೋಟಿಯಷ್ಟು ರೊಡಾಪ್ಸಿನ್ ಅಣುಗಳು. ಪ್ರತಿ ಅಣುವೂ ಆಪ್ಸಿನ್ ಎಂಬ ಪ್ರೋಟೀನು ಮತ್ತು ಅದರ ಮಡಿಲಲ್ಲಿ ಕುಳಿತ ರೆಟಿನಾಲ್ ಎಂಬ ಪುಟ್ಟ ಅಣುವಿನ ಜೋಡಿ. ‘ಎ’ ಜೀವಸತ್ವದ ಇನ್ನೊಂದು ರೂಪವೇ ಈ ರೆಟಿನಾಲ್. ಮಾಮೂಲಿನಂತೆ ಅದು ಬಾಗಿಕೊಂಡಿರುತ್ತದೆ. ಬೆಳಕಿನ ಒಂದು ಕಣ, ಅಂದರೆ ಒಂದು ಫೋಟಾನ್ ತಾಗಿದ ಕೂಡಲೇ ಸೆಟೆದು ನೇರವಾಗುತ್ತದೆ. ಇಡೀ ದೃಷ್ಟಿಕ್ರಿಯೆಯಲ್ಲಿ ಬೆಳಕು ತಾನಾಗಿ ಮಾಡುವ ಕೆಲಸ ಇದೊಂದೇ. ಉಳಿದುದೆಲ್ಲ ಕೋಶದ ಸ್ವಂತ ಉಸಾಬರಿ. ರೆಟಿನಾಲ್ ನೇರವಾದಾಗ ಆಪ್ಸಿನ್ನಿನ ಆಕಾರ ಬದಲಾಗಿ, ಅದು ಟ್ರಾನ್ಸ್‌ಡ್ಯೂಸಿನ್ ಎಂಬ ಪ್ರೋಟೀನಿನ ಅನೇಕ ಅಣುಗಳನ್ನು ಬಡಿದೆಬ್ಬಿಸುತ್ತದೆ. ಅವು ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಆ ಕಿಣ್ವವು ಬಾಗಿಲುಗಳನ್ನು ತೆರೆದು ಹಿಡಿದಿದ್ದ ಸಿಜಿಎಂಪಿ ಎಂಬ ಅಣುಗಳನ್ನು ರಾಶಿ ರಾಶಿಯಾಗಿ ಒಡೆಯುತ್ತದೆ. ಹಿಡಿದವರಿಲ್ಲದ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಒಂದೇ ಫೋಟಾನ್ ಕೋಶದ ವಿದ್ಯುತ್ ಪ್ರವಾಹದಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಭಾಗವನ್ನು ತಡೆಯಬಲ್ಲದು. ಕಪ್ಪೆಯ ಜಾತಿಗೆ ಸೇರಿದ ಟೋಡ್ ಪ್ರಾಣಿಯ ಒಂದೊಂದೇ ದಂಡಕೋಶವನ್ನು ಗಾಜಿನ ಸೂಕ್ಷ್ಮ ನಳಿಕೆಯೊಳಗೆ ಹೀರಿಕೊಂಡು ಬೇಲರ್, ಲ್ಯಾಂಬ್ ಮತ್ತು ಯಾವ್ ಎಂಬ ಮೂವರು ವಿಜ್ಞಾನಿಗಳು 1979ರಲ್ಲಿ ಇದನ್ನು ಅಳೆದು ತೋರಿಸಿದರು.

ಮನುಷ್ಯನ ಕಣ್ಣಿಗೂ ಇಂಥ ಸಾಮರ್ಥ್ಯವಿದೆಯೆಂಬುದು ಅದಕ್ಕಿಂತ ಮೊದಲೇ ತಿಳಿದಿತ್ತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸೆಲಿಗ್ ಹೆಕ್ಟ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ತಮ್ಮ ಕಣ್ಣುಗಳನ್ನೇ ಪ್ರಯೋಗಕ್ಕೆ ಒಡ್ಡಿಕೊಂಡರು. ಕತ್ತಲೆಗೆ ಚೆನ್ನಾಗಿ ಒಗ್ಗಿದ ನಂತರ ಕಣ್ಣಿನ ಪಕ್ಕನೋಟಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಹಸಿರು ಮಿಂಚು ತೋರಿಸಿ, ಕಂಡಿತೇ ಇಲ್ಲವೇ ಎಂದು ದಾಖಲಿಸುತ್ತ ಹೋದರು. 1942ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ದಂಡಕೋಶಗಳು ಹೀರಿಕೊಂಡ 5ರಿಂದ 14 ಫೋಟಾನುಗಳಷ್ಟೇ ‘ಕಂಡಿತು’ ಎನ್ನಲು ಸಾಕಾಗಿದ್ದವು. ಅವೂ ನೂರಾರು ಕೋಶಗಳ ನಡುವೆ ಚದುರಿ ಬಿದ್ದವು. ಅಂದಮೇಲೆ ಒಂದು ಕೋಶ ಸ್ಪಂದಿಸಲು ಒಂದು ಫೋಟಾನ್ ಸಾಕು. ಬೆಳಕೇ ಇಲ್ಲದಿದ್ದಾಗ ರೊಡಾಪ್ಸಿನ್ ಅದೆಷ್ಟು ಅಲುಗಾಡದೆ ಕೂರುತ್ತದೆಂದರೆ, ಒಂದು ಅಣು ದೇಹದ ಶಾಖಕ್ಕೆ ತಾನಾಗಿ ಸೆಟೆದುಕೊಳ್ಳಲು ಸರಾಸರಿ ನೂರಾರು ವರ್ಷಗಳು ಬೇಕು. ಒಂದು ಕೋಶದಲ್ಲಿ 10 ಕೋಟಿ ಅಣುಗಳಿರುವುದರಿಂದ ಎರಡು ಮೂರು ನಿಮಿಷಕ್ಕೊಮ್ಮೆ ಯಾವುದಾದರೊಂದು ಅಣು ಸುಳ್ಳು ಸುದ್ದಿ ಕೊಡುವುದುಂಟು, ಅಷ್ಟೆ.

ಪತ್ರಿಕೆಯ ಶಾಯಿ ಬಿಸಿಲಲ್ಲೂ ಕಪ್ಪೇ

ಇಷ್ಟು ನವಿರಾದ ಯಂತ್ರವನ್ನು ಹಗಲಿಗೆ ಒಡ್ಡಿದರೆ ಗತಿಯೇನು? ದಂಡಕೋಶಗಳ ಮಟ್ಟಿಗೆ ಉತ್ತರ ಸರಳ: ಬಿಸಿಲಿನಲ್ಲಿ ಅವುಗಳ ಬಾಗಿಲುಗಳೆಲ್ಲ ಮುಚ್ಚಿ ಅವು ಮೂಕವಾಗುತ್ತವೆ. ಹಗಲಿನ ಆಡಳಿತ ಶಂಕುಕೋಶಗಳದ್ದು. ಅವು ಮೂಕವಾಗದಿರುವುದೇ ನಿಜವಾದ ಸೋಜಿಗ.

ಕೈಯಲ್ಲಿ ದಿನಪತ್ರಿಕೆ ಹಿಡಿದವರು ಈ ಸಣ್ಣ ಲೆಕ್ಕವನ್ನು ಗಮನಿಸಬಹುದು. ಬಿಳಿ ಕಾಗದವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80ರಷ್ಟನ್ನು, ಕಪ್ಪು ಶಾಯಿಯು ನೂರಕ್ಕೆ 5ರಷ್ಟನ್ನು ಹಿಂದಿರುಗಿಸುತ್ತದೆ ಎಂದಿಟ್ಟುಕೊಳ್ಳೋಣ. 500 ಲಕ್ಸ್ ಬೆಳಕಿನ ಕೋಣೆಯಲ್ಲಿ ಬಿಳಿ ಕಾಗದದಿಂದ ಹೊರಡುವುದು 400 ಪಾಲು. ಅದೇ ಪತ್ರಿಕೆಯನ್ನು ನಡುಹಗಲ ಬಿಸಿಲಿಗೆ ಹಿಡಿದರೆ ಕಪ್ಪು ಶಾಯಿಯಿಂದ ಹೊರಡುವುದು 5,000 ಪಾಲು. ಕೋಣೆಯೊಳಗಿನ ಬಿಳುಪಿಗಿಂತ ಬಿಸಿಲಿನ ಕಪ್ಪು ಹನ್ನೆರಡು ಪಟ್ಟು ಹೆಚ್ಚು ಬೆಳಗುತ್ತಿದೆ! ಆದರೂ ಒಳಗೆ ಬಿಳುಪು ಬಿಳುಪೇ, ಹೊರಗೆ ಕಪ್ಪು ಕಪ್ಪೇ. ಕಣ್ಣು ಬೆಳಕಿನ ಮೊತ್ತವನ್ನು ಅಳೆಯುವ ಗೋಜಿಗೆ ಹೋಗುವುದಿಲ್ಲ. ಸುತ್ತಲಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದನ್ನಷ್ಟೇ ನೋಡುತ್ತದೆ. ಹಗಲಿನ ಚಂದ್ರ ಪೇಲವವಾಗಿ ಕಾಣುವುದು ಚಂದ್ರನ ಬೆಳಕು ತಗ್ಗಿದ್ದರಿಂದಲ್ಲ, ಸುತ್ತಲಿನ ಆಕಾಶ ಬೆಳಗಿದ್ದರಿಂದ.

ಈ ಗುಣದ ಬಹುಪಾಲು ಬೆಳಕಿನ ಕೋಶದೊಳಗೇ ಸಿದ್ಧವಾಗುತ್ತದೆ. ಅದಕ್ಕೆ ಕಾರಣ ಕ್ಯಾಲ್ಸಿಯಂ. ತೆರೆದ ಬಾಗಿಲಿನಿಂದ ಕ್ಯಾಲ್ಸಿಯಂ ಒಳಬರುತ್ತದೆ ಎಂದೆವಷ್ಟೆ. ಒಳಬಂದದ್ದನ್ನು ಹೊರಹಾಕುವ ವ್ಯವಸ್ಥೆಯೂ ಕೋಶದಲ್ಲಿದೆ. ಬೆಳಕು ಹೆಚ್ಚಿ ಬಾಗಿಲುಗಳು ಮುಚ್ಚಿದಾಗ ಒಳಹರಿವು ನಿಲ್ಲುತ್ತದೆ, ಹೊರಹಾಕುವಿಕೆ ಮಾತ್ರ ಮುಂದುವರಿಯುತ್ತದೆ. ಹೀಗಾಗಿ ಕೋಶದೊಳಗಿನ ಕ್ಯಾಲ್ಸಿಯಂ ಮಟ್ಟ ಕುಸಿಯುತ್ತದೆ. ಕುಸಿತವೇ ಸೂಚನೆ. ಸಿಜಿಎಂಪಿಯನ್ನು ತಯಾರಿಸುವ ಕಿಣ್ವ ಕೂಡಲೇ ಚುರುಕಾಗುತ್ತದೆ. ಪ್ರಚೋದಿತ ರೊಡಾಪ್ಸಿನ್ನನ್ನು ಸುಮ್ಮನಾಗಿಸುವ ಕ್ರಿಯೆ ಬೇಗ ಬೇಗ ಜರುಗುತ್ತದೆ. ಬಾಗಿಲುಗಳು ಇರುವಷ್ಟೇ ಸಿಜಿಎಂಪಿಗೆ ತೆರೆದುಕೊಳ್ಳಲು ಸಿದ್ಧವಾಗುತ್ತವೆ. ಮುಚ್ಚಿದ್ದ ಬಾಗಿಲುಗಳಲ್ಲಿ ಕೆಲವು ಮತ್ತೆ ತೆರೆಯುತ್ತವೆ. ಬಾಗಿಲು ತೆರೆದಿದ್ದರೆ ತಾನೇ ಮುಂದೆ ಬರುವ ಬೆಳಕಿಗೆ ಮುಚ್ಚಲು ಅವಕಾಶ? ಹೀಗೆ ಕೋಶವು ತನ್ನ ಸಂವೇದನೆಯನ್ನು ತಾನೇ ತಗ್ಗಿಸಿಕೊಂಡು ಹೊಸ ಬದಲಾವಣೆಗೆ ಸಿದ್ಧವಾಗುತ್ತದೆ. ಎಲ್ಲವೂ ಸೆಕೆಂಡುಗಳ ಮಾತು. ಕರೆಂಟು ಬಂದ ಅರೆ ನಿಮಿಷದಲ್ಲಿ ಎಲ್ಲವೂ ಯಥಾಸ್ಥಿತಿಗೆ ಬರುವುದರ ಗುಟ್ಟು ಇದು. ಅಕ್ಷಿಪಟಲದ ಮುಂದಿನ ನರಕೋಶಗಳೂ ಇದಕ್ಕೆ ತಮ್ಮ ಪಾಲು ಸೇರಿಸುತ್ತವೆ.

ಬಣ್ಣ ಕಳೆದುಕೊಂಡ ಕಪ್ಪೆಯ ಕಣ್ಣು

ಕತ್ತಲೆಯ ಕಡೆಗಿನ ದಾರಿ ಮಾತ್ರ ದೀರ್ಘ. ಅದನ್ನು ತಿಳಿಯಲು 1876ಕ್ಕೆ ಹೋಗಬೇಕು. ರೋಮ್ ನಗರದಲ್ಲಿದ್ದ ಜರ್ಮನ್ ವಿಜ್ಞಾನಿ ಫ್ರಾಂಜ್ ಬೋಲ್, ಕತ್ತಲೆಯಲ್ಲಿಟ್ಟಿದ್ದ ಕಪ್ಪೆಯ ಅಕ್ಷಿಪಟಲವನ್ನು ಹೊರತೆಗೆದಾಗ ಅದು ಕೆಂಪಾಗಿರುವುದನ್ನೂ, ಬೆಳಕಿನಲ್ಲಿ ನೋಡನೋಡುತ್ತಲೇ ಬಣ್ಣ ಬಿಡುವುದನ್ನೂ ಗಮನಿಸಿದ. ಮೂರೇ ವರ್ಷಗಳಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ಆತ ತೀರಿಕೊಂಡ. ಕೆಲಸವನ್ನು ಕೈಗೆತ್ತಿಕೊಂಡ ಹೈಡೆಲ್‌ಬರ್ಗಿನ ವಿಲ್‌ಹೆಲ್ಮ್ ಕ್ಯೂನೆ, ಮೊದಲು ಕತ್ತಲೆಯಲ್ಲಿಟ್ಟ ಮೊಲವೊಂದನ್ನು ಸರಳುಗಳಿದ್ದ ಕಿಟಕಿಯತ್ತ ಕೆಲವು ನಿಮಿಷ ನೋಡಿಸಿ, ಕೊಂದು, ಅದರ ಅಕ್ಷಿಪಟಲವನ್ನು ಪಟಿಕದ ದ್ರಾವಣದಲ್ಲಿ ಗಟ್ಟಿಗೊಳಿಸಿದ. ಅದರ ಮೇಲೆ ಕಿಟಕಿಯ ಸರಳುಗಳ ಚಿತ್ರ ಮೂಡಿತ್ತು. ಮೊಲದ ಪಾಲಿಗೆ ಕ್ರೂರವಾದ ಈ ಪ್ರಯೋಗ ಒಂದು ಸಂಗತಿಯನ್ನು ಖಚಿತಪಡಿಸಿತು: ಬೆಳಕು ಬಿದ್ದಲ್ಲಿ ವರ್ಣದ್ರವ್ಯ ಕೆಡುತ್ತದೆ, ಬೆಳಕು ಬೀಳದಲ್ಲಿ ಉಳಿಯುತ್ತದೆ. ಜೀವಂತ ಕಣ್ಣಿನಲ್ಲಿ ಕೆಟ್ಟದ್ದು ಮತ್ತೆ ತಯಾರಾಗುತ್ತದೆ ಎಂಬುದನ್ನೂ ಅವನೇ ಕಂಡುಕೊಂಡ.

ಈ ಮರುತಯಾರಿಯ ದಾರಿಯೇ ವಿಳಂಬಕ್ಕೆ ಕಾರಣ. ಸೆಟೆದು ನೇರವಾದ ರೆಟಿನಾಲ್ ದಂಡಕೋಶದಲ್ಲಿ ಮತ್ತೆ ಬಾಗಲಾರದು. ಅದು ಆಪ್ಸಿನ್ನನ್ನು ಬಿಟ್ಟು ಹೊರಬಂದು, ಕೋಶವನ್ನು ದಾಟಿ, ಅಕ್ಷಿಪಟಲದ ಬೆನ್ನಿಗಿರುವ ಕಪ್ಪುವರ್ಣದ ಪದರವನ್ನು ಸೇರಬೇಕು. ಅಲ್ಲಿ ಆರ್‌ಪಿಇ65 ಎಂಬ ಕಿಣ್ವ ಅದನ್ನು ಮತ್ತೆ ಬಾಗಿಸುತ್ತದೆ. ಬಳಿಕ ಹಿಂದಿರುಗಿ ಬಂದು ಖಾಲಿ ಕುಳಿತ ಆಪ್ಸಿನ್ನನ್ನು ಕೂಡಿಕೊಳ್ಳಬೇಕು. ಕೋಟಿಗಟ್ಟಲೆ ಅಣುಗಳು ಈ ಯಾತ್ರೆ ಮುಗಿಸಬೇಕಾಗಿದೆ. ಶಂಕುಕೋಶಗಳಿಗೆ ಇದಲ್ಲದೆ ಬೇರೊಂದು ಹತ್ತಿರದ ಮೂಲವೂ ಇರುವುದರಿಂದ ಅವು ಐದರಿಂದ ಹತ್ತು ನಿಮಿಷಗಳಲ್ಲಿ ಚೇತರಿಸಿಕೊಳ್ಳುತ್ತವೆ. ದಂಡಕೋಶಗಳಿಗೆ ಪ್ರಖರ ಬೆಳಕಿನ ಬಳಿಕ 30ರಿಂದ 40 ನಿಮಿಷ ಬೇಕು. ಕತ್ತಲೆಯಲ್ಲಿ ಕುಳಿತಾಗ ನೋಟ ಒಮ್ಮೆ ಸುಧಾರಿಸಿ, ಅಲ್ಲೇ ತುಸು ನಿಂತಂತಾಗಿ, ಮತ್ತೆ ಸುಧಾರಿಸುವುದು ಏಕೆಂದು ಇದರಿಂದ ತಿಳಿಯುತ್ತದೆ. ಮೊದಲನೆಯದು ಶಂಕುಕೋಶಗಳ ಕಾಣಿಕೆ, ಎರಡನೆಯದು ದಂಡಕೋಶಗಳದ್ದು.

ಇಲ್ಲೊಂದು ತೊಡಕಿದೆ. ವರ್ಣದ್ರವ್ಯದ ಅಲ್ಪ ಭಾಗ ಕೆಟ್ಟರೂ ಕತ್ತಲೆಯ ನೋಟ ಆ ಪ್ರಮಾಣವನ್ನು ಮೀರಿ ಹದಗೆಡುತ್ತದೆ. ಉಳಿದ ಬಹುಪಾಲು ಚೆನ್ನಾಗಿಯೇ ಇದ್ದರೂ ಹೀಗೇಕೆ? ರೆಟಿನಾಲ್ ಕಳಚಿಹೋದ ಬರಿಯ ಆಪ್ಸಿನ್ ಪೂರ್ತಿ ಸುಮ್ಮನಿರುವುದಿಲ್ಲ. ಸರಿಯಾಗಿ ತಿರುಗಿಸದ ನಲ್ಲಿ ತೊಟ್ಟಿಕ್ಕುವಂತೆ ಅದು ಸಂಕೇತವನ್ನು ಸೋರಿಸುತ್ತಿರುತ್ತದೆ. ಆಗ ಕೋಶವು ಕತ್ತಲೆಯಲ್ಲಿದ್ದೂ ಬೆಳಕಿನಲ್ಲಿದ್ದಂತೆ ವರ್ತಿಸುತ್ತದೆ. ಬಾಗಿದ ರೆಟಿನಾಲ್ ಬಂದು ಮಡಿಲಲ್ಲಿ ಕೂರುವವರೆಗೂ ಈ ಸೋರಿಕೆ ನಿಲ್ಲದು.

ಈ ವ್ಯವಹಾರವೆಲ್ಲ ಮಿದುಳಿನದಲ್ಲ, ಕಣ್ಣಿನದೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಮಲಗುವ ಮುನ್ನ ಒಂದು ಕಣ್ಣನ್ನು ಅಂಗೈಯಿಂದ ಇಪ್ಪತ್ತು ನಿಮಿಷ ಮುಚ್ಚಿಕೊಂಡು, ನಂತರ ದೀಪವಾರಿಸಿ ಎರಡೂ ಕಣ್ಣುಗಳಿಂದ ಸರದಿಯಂತೆ ನೋಡಿ. ಒಂದಕ್ಕೆ ಕೋಣೆ ಕಂಡೀತು, ಇನ್ನೊಂದಕ್ಕೆ ಕಾಣದು.

ದಂಡಕೋಶಗಳಿಗೆ ಕೆಂಪು ಬೆಳಕು ಬಹುಮಟ್ಟಿಗೆ ತಟ್ಟುವುದಿಲ್ಲ ಎಂಬುದು ಇನ್ನೊಂದು ಸ್ವಾರಸ್ಯ. ಹಗಲಲ್ಲಿ ಕಣ್ಣು ಕುಕ್ಕುವ ಕೆಂಪು ದಾಸವಾಳ ಮುಸ್ಸಂಜೆಯ ಕೊನೆಗೆ ಎಲೆಗಳಿಗಿಂತ ಕಪ್ಪಗೆ ಕಾಣುವುದು ಇದರಿಂದ. 19ನೇ ಶತಮಾನದ ಆರಂಭದಲ್ಲಿ ಇದನ್ನು ವರ್ಣಿಸಿದವರು ಬೊಹೀಮಿಯಾದ ವಿಜ್ಞಾನಿ ಪುರ್ಕಿಂಜೆ. ಎಕ್ಸ್‌ರೇ ಪರದೆಯ ಮಂಕು ಚಿತ್ರ ನೋಡಬೇಕಾಗಿದ್ದ ವೈದ್ಯರು ಕತ್ತಲೆಯಲ್ಲಿ ಕಾಯುವ ಬದಲು ಕೆಂಪು ಕನ್ನಡಕ ಹಾಕಿಕೊಂಡು ಬೆಳಕಿನಲ್ಲೇ ಓಡಾಡಬಹುದೆಂದು 1916ರಲ್ಲಿ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ತೋರಿಸಿಕೊಟ್ಟರು. ಆಕಾಶವೀಕ್ಷಕರು ಇಂದಿಗೂ ಕೆಂಪು ಟಾರ್ಚನ್ನೇ ಬಳಸುತ್ತಾರೆ.

ಎದುರಿನಿಂದ ಹೈಬೀಮ್

ಪ್ರಯೋಗಾಲಯದ ಈ ಲೆಕ್ಕ ರಸ್ತೆಯ ಮೇಲೆ ಪ್ರಾಣದ ಲೆಕ್ಕವಾಗಬಲ್ಲದು. ರಾತ್ರಿ ಹೆದ್ದಾರಿಯಲ್ಲಿ ಕಣ್ಣು ಮಬ್ಬಿಗೆ ಒಗ್ಗಿರುತ್ತದೆ. ಎದುರಿನ ವಾಹನದ ಹೈಬೀಮ್ ದೀಪ ನೇರವಾಗಿ ಕಣ್ಣಿಗೆ ಬಡಿದು ದಾಟಿಹೋದ ಮೇಲೆ ರಸ್ತೆ ಮತ್ತೆ ಸ್ಪಷ್ಟವಾಗಲು ಕೆಲವು ಸೆಕೆಂಡುಗಳಾದರೂ ಬೇಕು. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಮೂರು ಸೆಕೆಂಡು ಎಂದರೂ 66 ಮೀಟರ್ ದೂರವನ್ನು ಚಾಲಕ ಹೆಚ್ಚುಕಡಿಮೆ ಅಂದಾಜಿನ ಮೇಲೆ ದಾಟಿರುತ್ತಾನೆ. ಆ 66 ಮೀಟರಿನಲ್ಲಿ ದೀಪವಿಲ್ಲದ ಎತ್ತಿನಗಾಡಿಯೋ, ಕೆಟ್ಟು ನಿಂತ ಲಾರಿಯೋ ಇದ್ದರೆ? ವಯಸ್ಸಾದಂತೆ ಚೇತರಿಕೆಯ ಅವಧಿ ಹೆಚ್ಚುತ್ತದೆ. ಕಣ್ಣಿನ ಮಸೂರ ಮಂಜಾಗತೊಡಗಿದ್ದರೆ ಬೆಳಕು ಕಣ್ಣೊಳಗೇ ಚದುರಿ ಕಷ್ಟ ಇಮ್ಮಡಿಯಾಗುತ್ತದೆ. ಒಂದು ಕಾಲದಲ್ಲಿ ವಾಹನಗಳ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುವ ರೂಢಿಯಿತ್ತು. ಅದನ್ನು ಕಂಡು ನಕ್ಕವರು ಬಿಳಿಯ ಎಲ್‌ಇಡಿ ದೀಪಗಳ ಈ ಕಾಲದಲ್ಲಿ ಅದರ ಬೆಲೆ ಅರಿಯುತ್ತಿರಬಹುದು. ಹೆದ್ದಾರಿ ಸುರಂಗಗಳಲ್ಲಿ ಹಗಲು ಹೊತ್ತು ಒಳಭಾಗಕ್ಕಿಂತ ಪ್ರವೇಶದ ಬಳಿ ಹೆಚ್ಚು ದೀಪ ಉರಿಸುವುದೂ ಬಿಸಿಲಿನಿಂದ ಬರುವ ಚಾಲಕನ ಕಣ್ಣಿಗೆ ಹಂತ ಹಂತವಾಗಿ ಕಾಲಾವಕಾಶ ಕೊಡಲೆಂದೇ.

ರೆಟಿನಾಲ್ ಮುಗಿದುಹೋದರೆ

ಮರುತಯಾರಿಗೆ ಬೇಕಾದ ರೆಟಿನಾಲ್ ದೇಹದಲ್ಲಿ ತಾನಾಗಿ ಹುಟ್ಟುವುದಿಲ್ಲ, ಆಹಾರದಿಂದಲೇ ಬರಬೇಕು. ಅಕ್ಷಿಪಟಲದಲ್ಲಿ ‘ಎ’ ಜೀವಸತ್ವವಿದೆ ಎಂದು 1933ರಲ್ಲಿ ಪ್ರಕಟಿಸಿದವರು ಅಮೆರಿಕದ ಜಾರ್ಜ್ ವಾಲ್ಡ್. ಮುಂದೆ 1967ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಸಂದಿತು. ಇರುಳುಗುರುಡಿಗೂ ಊಟಕ್ಕೂ ಇರುವ ನಂಟು ಅದಕ್ಕಿಂತ ಮೊದಲೇ ತಿಳಿದಿತ್ತಾದರೂ, ನಂಟಿನ ಕೊಂಡಿ ಎಲ್ಲಿದೆಯೆಂದು ಸ್ಪಷ್ಟವಾದದ್ದು ಆಗ. ಜೀವಸತ್ವ ಕಡಿಮೆಯಾದಾಗ ಮೊದಲು ಸೋಲುವುದು ದಂಡಕೋಶ. ಹಗಲೆಲ್ಲ ಆಡಿಕೊಂಡಿದ್ದ ಮಗು ಸಂಜೆಯಾದೊಡನೆ ತಡವರಿಸುತ್ತದೆ, ತಟ್ಟೆ ಎಲ್ಲಿದೆಯೆಂದು ಕೈಯಾಡಿಸುತ್ತದೆ. ಆಗಲೂ ಕೊರತೆ ನೀಗದಿದ್ದರೆ ಕಣ್ಣು ಒಣಗಿ, ಕೊನೆಗೆ ಕಾರ್ನಿಯಾ ಕರಗಿ ಶಾಶ್ವತ ಕುರುಡುತನ ಬರಬಹುದು. ಈ ಕಾರಣಕ್ಕಾಗಿಯೇ ಭಾರತ 1970ರಲ್ಲಿ ಮಕ್ಕಳಿಗೆ ‘ಎ’ ಜೀವಸತ್ವ ನೀಡುವ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಒಂಬತ್ತನೇ ತಿಂಗಳಲ್ಲಿ 1 ಲಕ್ಷ ಯೂನಿಟ್, ಬಳಿಕ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್. ನುಗ್ಗೆಸೊಪ್ಪು, ಪರಂಗಿಹಣ್ಣು, ಗಜ್ಜರಿ, ಹಾಲು, ಮೊಟ್ಟೆ ತಟ್ಟೆಯಲ್ಲಿದ್ದರೆ ಇನ್ನೂ ಒಳಿತು. ಹಾಗೆಂದು ಕೊರತೆಯೇ ಇಲ್ಲದವರು ಗಜ್ಜರಿ ತಿಂದರೆ ಕತ್ತಲೆಯಲ್ಲಿ ಹೆಚ್ಚು ಕಂಡೀತೆಂದು ಭಾವಿಸಬೇಕಾಗಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಸರ್ಕಾರ ಹಬ್ಬಿಸಿದ ಆ ಮಾತಿನ ಹಿಂದೆ ಬೆಳೆದ ಗಜ್ಜರಿಯನ್ನು ಜನರಿಗೆ ತಿನ್ನಿಸುವ ಆಸೆಯೂ ಇತ್ತು.

ಆಹಾರ ಸರಿಯಿದ್ದೂ ರೆಟಿನಾಲ್ ಬಾಗಿಸುವ ಆರ್‌ಪಿಇ65 ಕಿಣ್ವವೇ ಹುಟ್ಟಿನಿಂದ ಕೆಟ್ಟಿರುವ ಮಕ್ಕಳಿದ್ದಾರೆ. ಅಂಥವರು ಬಾಲ್ಯದಿಂದಲೇ ಮಬ್ಬಿನಲ್ಲಿ ಏನನ್ನೂ ಕಾಣರು. ಕ್ರಮೇಣ ಹಗಲಿನ ನೋಟವೂ ಕ್ಷೀಣಿಸುತ್ತದೆ. ಆ ಒಂದು ಜೀನನ್ನು ನಿರಪಾಯಕಾರಿ ವೈರಸ್ಸಿನ ಮೂಲಕ ಅಕ್ಷಿಪಟಲದಡಿಗೆ ಸೇರಿಸುವ ಲಕ್ಸ್‌ಟರ್ನಾ ಎಂಬ ಚಿಕಿತ್ಸೆಗೆ ಅಮೆರಿಕ 2017ರ ಡಿಸೆಂಬರ್‌ನಲ್ಲಿ ಅನುಮತಿ ನೀಡಿತು. ಎರಡೂ ಕಣ್ಣುಗಳಿಗೆ ಆಗ ನಿಗದಿಯಾದ ಬೆಲೆ 8,50,000 ಡಾಲರ್. ಚಿಕಿತ್ಸೆ ಫಲಿಸಿತೇ ಎಂದು ನೋಡಲು ವೈದ್ಯರು ಅಕ್ಷರಗಳ ಫಲಕವನ್ನಷ್ಟೇ ನೆಚ್ಚಿಕೊಳ್ಳಲಿಲ್ಲ. ನೆಲದ ಮೇಲೆ ಬಾಣಗುರುತು, ಅಡ್ಡಿ, ಮೆಟ್ಟಿಲು, ಬಾಗಿಲುಗಳಿರುವ ಸುತ್ತುದಾರಿಯೊಂದನ್ನು ನಿರ್ಮಿಸಿ, ಅದರ ಬೆಳಕನ್ನು 400 ಲಕ್ಸ್‌ನಿಂದ ಹಂತ ಹಂತವಾಗಿ 1 ಲಕ್ಸ್‌ವರೆಗೆ ಇಳಿಸುತ್ತ ರೋಗಿಗಳನ್ನು ನಡೆಯಲು ಹೇಳಿದರು. ಚಿಕಿತ್ಸೆ ಪಡೆದ 20 ಮಂದಿಯಲ್ಲಿ 13 ಮಂದಿ ಒಂದು ವರ್ಷದ ಬಳಿಕ 1 ಲಕ್ಸ್ ಬೆಳಕಿನಲ್ಲಿ ಆ ದಾರಿಯನ್ನು ದಾಟಿದರು. ಆ ವೇಳೆಗೆ ಇನ್ನೂ ಚಿಕಿತ್ಸೆ ಪಡೆಯದಿದ್ದ ಇನ್ನೊಂದು ಗುಂಪಿನಲ್ಲಿ ಒಬ್ಬರಿಗೂ ಅದು ಸಾಧ್ಯವಾಗಲಿಲ್ಲ.